ಗ್ರೀಕ್–ಲ್ಯಾಟಿನ್ ಧಾತುಗಳಿಂದ ಇಂಗ್ಲಿಷ್ ಪದಕಲಿಕೆ

ಇಂಗ್ಲಿಷಿನ ಉದ್ದುದ್ದ ಪದಗಳನ್ನು ಬಿಡಿಸಿ, ಅವುಗಳೊಳಗಿನ ಗ್ರೀಕ್, ಲ್ಯಾಟಿನ್ ಮೂಲರೂಪಗಳಿಂದ ಅರ್ಥ ಹಿಡಿಯುವ ವಿಧಾನ. ವೈದ್ಯಕೀಯ, ವಿಜ್ಞಾನ, ಪುರಾತತ್ತ್ವ ಓದುವವರಿಗೆ ಬಹಳ ಉಪಯುಕ್ತ.

1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯಲ್ಲಿ ಇದಕ್ಕೆ ಉದಾಹರಣೆಗಳು ಕಲ್ಲಿನಲ್ಲೇ ಸಿಗುತ್ತವೆ. ಗಂಗಾವತಿ ಬಳಿಯ ಹಿರೇಬೆಣಕಲ್ ಬೆಟ್ಟದ ಮೇಲೆ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಬಂಡೆ ಹೊದಿಸಿದ ಶಿಲಾಸಮಾಧಿಗಳಿವೆ. ಇಂಗ್ಲಿಷಿನಲ್ಲಿ ಇವು ‘ಮೆಗಲಿಥ್’. ಗ್ರೀಕಿನಲ್ಲಿ ‘ಮೆಗಾಸ್’ ಎಂದರೆ ದೊಡ್ಡದು, ‘ಲಿಥೋಸ್’ ಎಂದರೆ ಕಲ್ಲು. ಇವೆರಡು ಗೊತ್ತಿದ್ದರೆ ‘ಮೆಗಾಫೋನ್’, ‘ಮೊನೊಲಿಥ್’, ‘ನಿಯೋಲಿಥಿಕ್’ ಅರ್ಧ ತಿಳಿದಂತೆಯೇ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿರುವ ಕ್ರಿ.ಪೂ. 3ನೇ ಶತಮಾನದ ಅಶೋಕ ಶಾಸನಗಳನ್ನು ಓದುವ ವಿದ್ಯೆ ‘ಎಪಿಗ್ರಫಿ’. ‘ಎಪಿ’ ಮೇಲೆ, ‘ಗ್ರಾಫೈನ್’ ಬರೆಯುವುದು.

ಇದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾದ ಕನ್ನಡ ಮಾಧ್ಯಮದ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ಕನ್ನಡದಲ್ಲಿ ಬೆರೆತಿರುವ ಎಷ್ಟೋ ಸಂಸ್ಕೃತ ಪದಗಳು ಗ್ರೀಕ್, ಲ್ಯಾಟಿನ್ ಪದಗಳಿಗೆ ನೆಂಟರು: ದಂತ–ಡೆಂಟಿಸ್ಟ್, ನಾಮ–ನಾಮಿನೇಷನ್, ಪಾದ–ಪೆಡಲ್. ಶಾಲೆಗಳು ಈ ನಂಟನ್ನು ಧಾರಾಳವಾಗಿ ಬಳಸಿಕೊಳ್ಳಬೇಕು.

ಎಚ್ಚರವೂ ಬೇಕು: ಕೇಳಲು ಒಂದೇ ಎನಿಸುವ ಧಾತುಗಳ ಮೂಲ ಬೇರೆ ಬೇರೆ ಇರಬಹುದು. ‘ಪೆಡಲ್’ ಪದದ ‘ಪೆಡ್’ ಲ್ಯಾಟಿನ್ನಿನಲ್ಲಿ ಪಾದ. ‘ಪೀಡಿಯಾಟ್ರಿಕ್ಸ್’ ಪದದ ‘ಪೀಡ್’ ಗ್ರೀಕಿನ ‘ಪೈಸ್’, ಅಂದರೆ ಮಗು. ಧಾತುವಿನಿಂದ ಊಹಿಸಿದ ಅರ್ಥವನ್ನು ನಿಘಂಟಿನಲ್ಲಿ ನೋಡಿಯೇ ಖಚಿತಪಡಿಸಿಕೊಳ್ಳಬೇಕು.