ಕ್ಲಾಸ್ ಹೆಸರಿನ ರೂಪಾಂತರ ಮತ್ತು ಕಳೆದುಹೋಗುವ ಮಾಹಿತಿ

ರೂಬಿ ಆನ್ ರೈಲ್ಸ್‌ನಲ್ಲಿ ‘ಪರ್ಸನ್’ ಎಂಬ ಕ್ಲಾಸ್ ಬರೆದರೆ, ಅದರ ದತ್ತಾಂಶ ‘ಪೀಪಲ್’ ಎಂಬ ಟೇಬಲ್ಲಿನಲ್ಲಿದೆ ಎಂದು ಫ್ರೇಮ್‌ವರ್ಕೇ ಊಹಿಸಿಕೊಳ್ಳುತ್ತದೆ. ಡೇವಿಡ್ ಹೈನೆಮೈಯರ್ ಹ್ಯಾನ್ಸನ್ 2004ರಲ್ಲಿ ಹೊರತಂದ ಈ ಫ್ರೇಮ್‌ವರ್ಕಿನ ಆಕರ್ಷಣೆಯಲ್ಲಿ ಇಂಥ ಊಹೆಗಳ ಪಾಲು ದೊಡ್ಡದು. ಊಹಿಸುವ ಕೆಲಸ ಆಕ್ಟಿವ್ ಸಪೋರ್ಟ್ ಲೈಬ್ರರಿಯ ಇನ್‌ಫ್ಲೆಕ್ಟರ್ ಎಂಬ ಭಾಗದ್ದು. ಹೆಸರನ್ನು ಬಹುವಚನಕ್ಕೆ ತಿರುಗಿಸುವುದು, ದೊಡ್ಡಕ್ಷರಗಳಿಂದ ಕೂಡಿದ ಕ್ಲಾಸ್ ಹೆಸರನ್ನು ಅಂಡರ್‌ಸ್ಕೋರ್ ಹಾಕಿದ ಫೈಲ್ ಹೆಸರಾಗಿಸುವುದು, ಮತ್ತೆ ಅದನ್ನು ಕ್ಲಾಸ್ ಹೆಸರಾಗಿಸುವುದು ಅಲ್ಲೇ ನಡೆಯುತ್ತದೆ. ಇಂಥ ಕೋಡನ್ನು ಅಕ್ಷರ ತಿದ್ದುವ ಚಿಲ್ಲರೆ ಕೆಲಸವೆಂದು ಪಕ್ಕಕ್ಕಿಡುವುದೇ ರೂಢಿ. ಈ ಲೇಖನದ ವಾದ ಬೇರೆ. ಹೆಸರಿನ ರೂಪಾಂತರದಲ್ಲಿ ಮಾಹಿತಿ ಕಳೆದುಹೋಗುತ್ತದೆ. ಕಳೆದದ್ದನ್ನು ಯಾವ ಜಾಣ ನಿಯಮವೂ ಮರಳಿ ತರಲಾರದು, ಆದ್ದರಿಂದ ಅದನ್ನು ಹೆಸರು ಹೆಸರಾಗಿ ಬರೆದಿಡಬೇಕು.

ಲೈಬ್ರರಿಯ ದಾಖಲೆಯಲ್ಲೇ ಇರುವ ಉದಾಹರಣೆಯನ್ನು ನೋಡಬಹುದು. ‘ಎಸ್‌ಎಸ್‌ಎಲ್‌ ಎರರ್’ ಎಂಬ ಕ್ಲಾಸ್ ಹೆಸರಿನಲ್ಲಿ ಮೊದಲ ಮೂರು ಅಕ್ಷರಗಳೂ ‘ಎರರ್’ನ ಮೊದಲಕ್ಷರವೂ ದೊಡ್ಡವು, ನಡುವೆ ಜಾಗವಿಲ್ಲ. ಅಂಡರ್‌ಸ್ಕೋರ್ ಫಂಕ್ಷನ್ ಇದನ್ನು ಸರಿಯಾಗಿಯೇ ಎರಡು ಭಾಗ ಮಾಡಿ, ಎಲ್ಲವನ್ನೂ ಸಣ್ಣಕ್ಷರಕ್ಕಿಳಿಸುತ್ತದೆ. ಆ ಫಲಿತಾಂಶವನ್ನು ಕ್ಯಾಮೆಲೈಸ್ ಫಂಕ್ಷನ್ನಿಗೆ ಕೊಟ್ಟರೆ ಮೊದಲ ‘ಎಸ್’ ಮಾತ್ರ ದೊಡ್ಡದಾಗಿ ಹಿಂದಿರುಗುತ್ತದೆ, ಉಳಿದೆರಡು ಸಣ್ಣವಾಗಿಯೇ ಉಳಿಯುತ್ತವೆ. ಫಂಕ್ಷನ್‌ನಲ್ಲಿ ದೋಷವೇನಿಲ್ಲ. ಆ ಮೂರು ಅಕ್ಷರಗಳು ಸಂಕ್ಷೇಪವೆಂಬ ಸಂಗತಿ ಸಣ್ಣಕ್ಷರದ ರೂಪದಲ್ಲಿ ಎಲ್ಲೂ ಉಳಿದಿರಲಿಲ್ಲ, ಅಷ್ಟೇ. (ಕನ್ನಡ ಲಿಪಿಯಲ್ಲಿರುವ ಈ ಲೇಖನಕ್ಕೂ ಅದೇ ಗತಿ: ಎರಡು ರೂಪಗಳ ವ್ಯತ್ಯಾಸವನ್ನು ಇಲ್ಲಿ ತೋರಿಸಲಾಗದು, ವಿವರಿಸಬೇಕಷ್ಟೇ.) ಕ್ಲಾಸ್ ಹೆಸರಿನಿಂದ ಫೈಲನ್ನು ಹುಡುಕಲು ಪಿಎಚ್‌ಪಿಯಲ್ಲಿದ್ದ ಹಳೆಯ ಪಿಎಸ್‌ಆರ್-0 ಕಟ್ಟಳೆಯಲ್ಲೂ ಇದೇ ನಷ್ಟವಿತ್ತು. ನೇಮ್‌ಸ್ಪೇಸ್‌ನ ವಿಭಜಕ, ಕ್ಲಾಸ್ ಹೆಸರಿನೊಳಗಿನ ಅಂಡರ್‌ಸ್ಕೋರ್ ಎರಡೂ ಫೋಲ್ಡರ್ ಗೆರೆಯಾಗುತ್ತಿದ್ದರಿಂದ ಎರಡು ಬೇರೆ ಕ್ಲಾಸುಗಳು ಒಂದೇ ಫೈಲಿಗೆ ಬಂದು ನಿಲ್ಲಬಹುದಿತ್ತು. ಮುಂದಿನ ಪಿಎಸ್‌ಆರ್-4 ಅಂಡರ್‌ಸ್ಕೋರಿಗಿದ್ದ ಆ ವಿಶೇಷ ಅರ್ಥವನ್ನು ಕೈಬಿಟ್ಟಿತು.

ಬಹುವಚನದ ಕಥೆ ಇನ್ನೂ ಸ್ವಾರಸ್ಯದ್ದು. ರೈಲ್ಸ್‌ನ ನಿಯಮಪಟ್ಟಿ ‘ಆಕ್ಟೋಪಸ್’ ಅನ್ನು ‘ಆಕ್ಟೋಪೈ’ ಎಂದೂ, ಅದೇ ಜಾಡಿನಲ್ಲಿ ‘ವೈರಸ್’ ಅನ್ನು ‘ವೈರೈ’ ಎಂದೂ ಮಾಡುತ್ತದೆ. ಎರಡನೆಯದನ್ನು ಇಂಗ್ಲಿಷ್ ಬಲ್ಲವರು ಯಾರೂ ಒಪ್ಪರು. ಆದರೂ ಅದು ಅಲ್ಲೇ ಇದೆ, ಏಕೆಂದರೆ ಹಳೆಯ ಅಪ್ಲಿಕೇಶನ್‌ಗಳು ಮುರಿಯಬಾರದೆಂದು ಈ ಪಟ್ಟಿಗೆ ಇನ್ನು ತಿದ್ದುಪಡಿ ಒಪ್ಪುವುದಿಲ್ಲವೆಂದು ರೈಲ್ಸ್ ತಂಡ ದಾಖಲೆಯಲ್ಲೇ ಬರೆದಿದೆ. ನಿರ್ಧಾರ ಸರಿಯಾದದ್ದೇ. ನಿಯಮವೊಂದನ್ನು ಬದಲಿಸಿದರೆ ಅದಕ್ಕೆ ಒಳಪಡುವ, ಯಾರೂ ಎಣಿಸದ ಹೆಸರುಗಳೆಲ್ಲ ಬದಲಾಗುತ್ತವೆ; ಟೇಬಲ್ ಮಾತ್ರ ಹಳೆಯ ಹೆಸರಿನಲ್ಲೇ ಇರುತ್ತದೆ. ವ್ಯಾಕರಣವಾಗಿ ಶುರುವಾದ ಪಟ್ಟಿ ಹೀಗೆ ಒಪ್ಪಂದವಾಗಿ ಗಟ್ಟಿಯಾಯಿತು.

ಇಂಥ ಅಪವಾದಗಳು ವಿರಳ, ಅವುಗಳಿಗಾಗಿ ರೂಢಿಯ ಅನುಕೂಲವನ್ನೇಕೆ ದೂರಬೇಕು ಎಂಬ ಆಕ್ಷೇಪಣೆಗೆ ರೈಲ್ಸ್‌ನ ಇತಿಹಾಸವನ್ನೇ ಆಧಾರವಾಗಿ ಕೊಡಬಹುದು. ಹಳೆಯ ಆಟೋಲೋಡರ್ ಗೊತ್ತಿಲ್ಲದ ಕ್ಲಾಸ್ ಎದುರಾದಾಗ ಅದರ ಹೆಸರಿನಿಂದ ಫೈಲನ್ನು ಹುಡುಕುತ್ತಿತ್ತು, ಸಂಕ್ಷೇಪಾಕ್ಷರಗಳು ಅಡ್ಡಿಯಾಗುತ್ತಿರಲಿಲ್ಲ. 2019ರ ರೈಲ್ಸ್ 6ರೊಂದಿಗೆ ಬಂದ, ಶಾವಿಯೆರ್ ನೋರಿಯಾ ಬರೆದ ಝೈಟ್‌ವರ್ಕ್ ಇದನ್ನು ತಿರುವಿಹಾಕಿ, ಫೈಲ್ ಹೆಸರಿನಿಂದ ಕ್ಲಾಸ್ ಹೆಸರನ್ನು ಕಟ್ಟತೊಡಗಿತು. ಎಚ್‌ಟಿಎಂಎಲ್ ಎಂಬುದು ಸಂಕ್ಷೇಪವೆಂದು ಈಗ ಪ್ರೋಗ್ರಾಮರೇ ಹೇಳಬೇಕು. ಇದು ಹೊಸ ಹೊರೆಯೆಂಬುದು ನಿಜ. ಆದರೆ ಯಾವ ಫೈಲಿನಲ್ಲಿ ಯಾವ ಕ್ಲಾಸ್ ಇರಬೇಕೆಂಬುದು ಮೊದಲೇ ನಿಶ್ಚಿತವಾದ್ದರಿಂದ ಅಪ್ಲಿಕೇಶನ್ ಓಡಿಸುವ ಮುನ್ನವೇ ತಪ್ಪನ್ನು ಪತ್ತೆಹಚ್ಚಬಹುದು. ಅದಕ್ಕೆಂದೇ ಒಂದು ಆದೇಶವೂ ಇದೆ. ಘೋಷಣೆಗೆ ಎರಡು ದಾರಿಗಳಿರುವುದೂ ಗಮನಾರ್ಹ. ಆಕ್ಟಿವ್ ಸಪೋರ್ಟ್‌ನಲ್ಲಿ ಸಂಕ್ಷೇಪವೆಂದು ಸಾರಿದರೆ ಅಪ್ಲಿಕೇಶನ್‌ನ ಪ್ರತಿ ರೂಪಾಂತರವೂ ಬದಲಾಗುತ್ತದೆ. ಲೋಡರ್‌ನ ಸ್ವಂತ ಇನ್‌ಫ್ಲೆಕ್ಟರ್‌ನಲ್ಲಿ ಆ ಒಂದು ಫೈಲಿಗೆ ಆ ಒಂದು ಕ್ಲಾಸ್ ಎಂದು ಬರೆದರೆ ಬೇರೇನೂ ಅಲುಗಾಡದು. ಎರಡನೆಯದೇ ಮೇಲು.

ಸಂಕ್ಷೇಪವನ್ನೂ ಮಾಮೂಲಿ ಪದದಂತೆ, ಮೊದಲಕ್ಷರ ಮಾತ್ರ ದೊಡ್ಡದಾಗಿ ಬರೆಯಿರಿ ಎನ್ನುವ ಗೂಗಲ್‌ನ ಜಾವಾ ಶೈಲಿ ಕೈಪಿಡಿಯ ಪರಿಹಾರ ಇನ್ನೂ ಸರಳವಲ್ಲವೇ? ಹೊಸದಾಗಿ, ಒಂದೇ ಮನೆಯೊಳಗೆ ಬರೆಯುವ ಕೋಡಿಗೆ ಹೌದು. ಆದರೆ ಬ್ರೌಸರ್‌ಗಳ ಎಕ್ಸ್‌ಎಂಎಲ್‌ ಎಚ್‌ಟಿಟಿಪಿ ರಿಕ್ವೆಸ್ಟ್ ಎಂಬ ಹೆಸರಿನಲ್ಲೇ ಮೊದಲ ಸಂಕ್ಷೇಪ ಪೂರ್ತಿ ದೊಡ್ಡಕ್ಷರ, ಎರಡನೆಯದು ಮಾಮೂಲಿ ಪದ. ಅದನ್ನು ಇನ್ನು ಬದಲಿಸುವವರಿಲ್ಲ. ಮೇಲಾಗಿ, ದೊಡ್ಡದು ಸಣ್ಣದೆಂಬ ಭೇದವೂ ಎಲ್ಲೆಡೆ ಒಂದೇ ತೆರನಲ್ಲ: ಟರ್ಕಿಶ್ ಲೊಕೇಲ್‌ನಲ್ಲಿ ಜಾವಾ ದೊಡ್ಡ ‘ಐ’ಯನ್ನು ಚುಕ್ಕಿಯಿಲ್ಲದ ಸಣ್ಣ ಅಕ್ಷರಕ್ಕಿಳಿಸುತ್ತದೆ. ಕನ್ನಡದಲ್ಲಂತೂ ಆ ಭೇದವೇ ಇಲ್ಲ. ರೂಬಿಯಲ್ಲಿ ಕ್ಲಾಸ್ ಹೆಸರು ದೊಡ್ಡಕ್ಷರದಿಂದ ಶುರುವಾಗಲೇಬೇಕಾದ್ದರಿಂದ ಕನ್ನಡ ಅಕ್ಷರದಿಂದ ಆರಂಭವಾಗುವ ಹೆಸರಿಡಲು ಸಾಧ್ಯವಿಲ್ಲ. ಜಾವಾ ‘ಸದಸ್ಯಖಾತೆ’ ಎಂಬ ಕ್ಲಾಸನ್ನು ಒಪ್ಪುತ್ತದೆ, ಆದರೆ ಅದನ್ನು ‘ಸದಸ್ಯ’, ‘ಖಾತೆ’ ಎಂದು ಬಿಡಿಸಲು ದೊಡ್ಡಕ್ಷರ ಹುಡುಕುವ ಯಾವ ಫಂಕ್ಷನ್ನಿಗೂ ಸುಳಿವು ಸಿಗದು. ಎರಡು ಪದಗಳ ನಡುವೆ ಅಂಡರ್‌ಸ್ಕೋರ್ ಇರುವ ಟೇಬಲ್ ಹೆಸರು ಬೇಕೆಂದರೆ ಅದನ್ನು ಪ್ರೋಗ್ರಾಮರ್ ಕ್ಲಾಸಿನ ತಲೆಯ ಮೇಲೆ, ಟೇಬಲ್ ಅನೊಟೇಶನ್‌ನಲ್ಲಿ, ಕೈಯಾರೆ ಬರೆಯಬೇಕು.