ಮಾರಿಷಸ್ಸಿನ ಕಬ್ಬು ಮತ್ತು ರಾಷ್ಟ್ರೀಯ ಲೆಕ್ಕದ ‘ಕೃಷಿ’ ಸಾಲು: ಒಂದು ಪುನರ್ವಿಮರ್ಶೆ

ಮಾರಿಷಸ್ ದ್ವೀಪದ ಆರ್ಥಿಕ ಚರಿತ್ರೆಯನ್ನು ಕುರಿತು ಈಚಿನ ದಶಕಗಳಲ್ಲಿ ಬಂದಿರುವ ಬರೆಹಗಳಲ್ಲಿ ಬಹುಪಾಲು ಒಂದೇ ಜಾಡಿನಲ್ಲಿ ನಡೆಯುತ್ತವೆ. ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞರಾದ ಜೇಮ್ಸ್ ಮೀಡ್ ಅವರು 1961ರಲ್ಲಿ ಈ ದ್ವೀಪಕ್ಕೆ ಉತ್ತಮ ಭವಿಷ್ಯವಿಲ್ಲವೆಂದು ಸಾರಿದರೆಂದೂ, ಕಬ್ಬೊಂದನ್ನೇ ನಂಬಿದ್ದ ಈ ನಾಡು 1970ರ ಬಳಿಕ ಜವಳಿ, ಪ್ರವಾಸೋದ್ಯಮ, ಹಣಕಾಸು ವ್ಯವಹಾರಗಳ ಬಲದಿಂದ ಆ ಭವಿಷ್ಯವಾಣಿಯನ್ನು ಸುಳ್ಳುಮಾಡಿತೆಂದೂ, ಆದುದರಿಂದ ಮಾರಿಷಸ್ಸಿನ ಏಳಿಗೆಯೆಂದರೆ ಕೃಷಿಯಿಂದ ಪಡೆದ ವಿಮೋಚನೆಯೇ ಎಂದೂ ಈ ಲೇಖಕರು ನಿರ್ಣಯಿಸುತ್ತಾರೆ. ಪ್ರಮಾಣವಾಗಿ ಅವರು ಒಡ್ಡುವುದು ಒಂದೇ ಒಂದು ಅಂಕಿಯನ್ನು: ಸ್ವಾತಂತ್ರ್ಯ ಬಂದ 1968ರ ಸುಮಾರಿನಲ್ಲಿ ದೇಶೀಯ ಉತ್ಪನ್ನದ ಹೆಚ್ಚುಕಡಿಮೆ ನಾಲ್ಕನೆಯ ಒಂದು ಪಾಲಾಗಿದ್ದ ಕೃಷಿ, ಇಂದು ನೂರಕ್ಕೆ ನಾಲ್ಕರ ಆಸುಪಾಸಿಗೆ ಇಳಿದಿದೆ. ಅಂಕಿ ಸರಿಯಾದುದೇ. ಅದರಿಂದ ಹೊರಡಿಸಿದ ನಿರ್ಣಯವು ಎಷ್ಟರಮಟ್ಟಿಗೆ ಸಾಧುವೆಂಬುದೇ ಈ ಲೇಖನದ ವಿಚಾರ್ಯ ವಿಷಯ.

ಡಚ್ಚರು 1639ರಲ್ಲಿ ಕಬ್ಬನ್ನು ತಂದದ್ದು, ಲ ಬೂರ್ದೊನೆ ಅದನ್ನು ಬೆಳೆಸಿದ್ದು, 1825ರಲ್ಲಿ ಸುಂಕದ ತಾರತಮ್ಯ ತೊಲಗಿದ್ದು, 1834ರಿಂದ ಗಿರಮಿಟ್ ಕೂಲಿಗಳ ಹಡಗುಗಳು ಪೋರ್ಟ್ ಲೂಯಿಗೆ ಬಂದದ್ದು, ಇವೆಲ್ಲ ಈ ವಿಷಯವನ್ನು ಬಲ್ಲವರಿಗೆ ತಿಳಿದಿರತಕ್ಕ ಸಂಗತಿಗಳಾದುದರಿಂದ ಅವನ್ನು ಇಲ್ಲಿ ಮತ್ತೆ ಹೇಳುವ ಅಗತ್ಯವಿಲ್ಲ. ಆದರೆ ಮೀಡ್ ಅವರಿಗೆ ಆಗಿರುವ ಅನ್ಯಾಯವನ್ನು ಮೊದಲು ನಿವಾರಿಸದೆ ಮುಂದುವರಿಯಲಾಗದು. ಅವರ ಬರೆಹಗಳು ಎರಡು. ಒಂದು, 1961ರಲ್ಲಿ ಒಂದು ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾದ, ಮಾಲ್ತಸನ ಸಿದ್ಧಾಂತವನ್ನು ಮಾರಿಷಸ್ಸಿಗೆ ಅನ್ವಯಿಸುವ ಲೇಖನ. ಇನ್ನೊಂದು, ಅದೇ ವರ್ಷ ಬೆಳಕು ಕಂಡ, ಗವರ್ನರ್ ಕೋಲ್ವಿಲ್ ಡೆವರೆಲ್ ಅವರ ಸರ್ಕಾರಕ್ಕೆ ಸಹೋದ್ಯೋಗಿಗಳೊಡನೆ ಒಪ್ಪಿಸಿದ ವಿಸ್ತಾರವಾದ ವರದಿ. ನಮ್ಮ ಲೇಖಕರು ಉದಾಹರಿಸುವುದು ಮೊದಲನೆಯದನ್ನು, ಅದರಲ್ಲಿಯೂ ಒಂದೆರಡು ವಾಕ್ಯಗಳನ್ನು. ಎರಡನೆಯದನ್ನು ಅವರು ತೆರೆದು ನೋಡಿದ ಲಕ್ಷಣಗಳು ಕಾಣುವುದಿಲ್ಲ. ಮಲೇರಿಯಾ ನಿರ್ಮೂಲನವಾದ ಮೇಲೆ ಜನಸಂಖ್ಯೆ ವರ್ಷಕ್ಕೆ ನೂರಕ್ಕೆ ಮೂರರ ಸುಮಾರಿನ ವೇಗದಲ್ಲಿ ಬೆಳೆಯುತ್ತಿದ್ದ ನಾಡಿನಲ್ಲಿ, ಆ ವೇಗ ತಗ್ಗದೆ ಹೋದರೆ, ಕೂಲಿಯ ದರವನ್ನು ಒತ್ತಾಯದಿಂದ ಏರಿಸಿದರೆ, ಎಸ್ಟೇಟುಗಳು ಯಂತ್ರಗಳನ್ನು ತಂದು ಕೂಲಿಗಳನ್ನು ಬಿಡಿಸಿದರೆ, ಆಗ ಅನರ್ಥವುಂಟಾಗುವುದೆಂಬುದು ಮೀಡ್ ಅವರ ವಾದ. ಅವರ ಮಾತಿನಲ್ಲಿ ‘ಆದರೆ’, ‘ಹೋದರೆ’ಗಳು ಹೆಜ್ಜೆಹೆಜ್ಜೆಗೂ ಇವೆ. ಹಾಗಾಗದಂತೆ ಮಾಡಲು ಕುಟುಂಬಯೋಜನೆ, ಹೆಚ್ಚು ಕೈಗಳಿಗೆ ಕೆಲಸ ಕೊಡುವ ಸಣ್ಣ ಕೈಗಾರಿಕೆಗಳು, ತೆರಿಗೆ ರಿಯಾಯಿತಿ, ಕೂಲಿಯ ಮಿತಿ, ಬಡವರಿಗೆ ಸಾರ್ವಜನಿಕ ನೆರವು ಮೊದಲಾದ ಕ್ರಮಗಳನ್ನು ಅವರು ಸೂಚಿಸಿದರು. ಮುಂದಿನ ಹದಿನೈದು ವರ್ಷಗಳಲ್ಲಿ ಇವುಗಳಲ್ಲಿ ಹಲವು ಜಾರಿಗೆ ಬಂದುವು. ವೈದ್ಯನು ಹೇಳಿದ ಪಥ್ಯವನ್ನು ಪಾಲಿಸಿ ಗುಣಹೊಂದಿದ ರೋಗಿಯು, ತಾನು ಬದುಕಿರುವುದನ್ನೇ ವೈದ್ಯನ ಅಜ್ಞಾನಕ್ಕೆ ಸಾಕ್ಷಿಯಾಗಿ ತೋರಿದಂತಿದೆ ಈ ‘ಸುಳ್ಳಾದ ಭವಿಷ್ಯವಾಣಿ’ಯ ಕಥೆ.

ಮೀಡ್ ಅವರ ನಿರಾಶೆಗೆ 1960ರ ಚಂಡಮಾರುತಗಳೇ ಕಾರಣವೆಂದು ಹೇಳುವವರೂ ಉಂಟು. ಆ ವರ್ಷದ ಜನವರಿಯಲ್ಲಿ ಅಲಿಕ್ಸ್, ಫೆಬ್ರವರಿಯಲ್ಲಿ ಕ್ಯಾರಲ್ ಎಂಬ ಚಂಡಮಾರುತಗಳು ದ್ವೀಪವನ್ನು ಧ್ವಂಸಗೊಳಿಸಿ, ಹಿಂದಿನ ವರ್ಷ 5,80,000 ಟನ್ನಿನಷ್ಟಿದ್ದ ಸಕ್ಕರೆಯ ಉತ್ಪತ್ತಿಯನ್ನು 2,36,000 ಟನ್ನಿಗೆ ಇಳಿಸಿದುವೆಂಬುದು ನಿಜ. ಆದರೆ ಒಂದು ಬೆಳೆಯ ನಷ್ಟವನ್ನು ನೋಡಿ ಶತಮಾನದ ಕೊನೆಯವರೆಗಿನ ಜನಸಂಖ್ಯೆಯ ಲೆಕ್ಕಹಾಕುವಷ್ಟು ಎಳಸುತನ ಮೀಡ್ ಅವರಲ್ಲಿರಲಿಲ್ಲ; ಕಬ್ಬಿನ ಬುಡ ಗಟ್ಟಿಯಾಗಿದ್ದರೆ ಮುರಿದ ಕಬ್ಬು ಮತ್ತೆ ಕೂಳೆಯಾಗಿ ಚಿಗುರುವುದೆಂಬುದು ಅವರಿಗೆ ತಿಳಿಯದ ವಿಷಯವೂ ಅಲ್ಲ. ಬೆಳೆಗಾರರಿಗೆ ಚಂಡಮಾರುತ, ಅನಾವೃಷ್ಟಿಗಳ ವಿಮಾನಿಧಿಯೊಂದು 1946ರಿಂದಲೇ ಇದ್ದು, ಅಂಥ ವರ್ಷಗಳ ಆಘಾತವನ್ನು ತಾಳಿಕೊಳ್ಳುವ ಏರ್ಪಾಡನ್ನು ಈ ಬೆಳೆಯೇ ರೂಪಿಸಿಕೊಂಡಿತ್ತು.

ಇನ್ನು ಮುಖ್ಯ ಪ್ರಮಾಣಕ್ಕೆ ಬರೋಣ. ರಾಷ್ಟ್ರೀಯ ಲೆಕ್ಕದಲ್ಲಿ ‘ಕೃಷಿ’ ಎಂಬ ಸಾಲು ಎಲ್ಲಿ ಮುಗಿಯುತ್ತದೆ? ಕಬ್ಬನ್ನು ಕಡಿದು ಗಾಡಿಗೋ ಲಾರಿಗೋ ಹೇರಿ ಕಾರ್ಖಾನೆಯ ತೂಕದ ಕಟ್ಟೆಗೆ ತಂದು ನಿಲ್ಲಿಸುವವರೆಗಿನ ಮೌಲ್ಯವಷ್ಟೇ ಆ ಸಾಲಿಗೆ ಸೇರತಕ್ಕುದು. ತೂಕದ ಕಟ್ಟೆಯನ್ನು ದಾಟಿದೊಡನೆ ಅದೇ ಕಬ್ಬು ‘ಕೈಗಾರಿಕೆ’ಯ ಸಾಲಿಗೆ ಸರಿಯುತ್ತದೆ, ಮಾರಿಷಸ್ಸಿನ ಅಂಕಿಅಂಶ ಇಲಾಖೆಯವರು ಸಕ್ಕರೆ ಕಾರ್ಖಾನೆಗಳ ಮೌಲ್ಯವರ್ಧನೆಯನ್ನು ಕೈಗಾರಿಕೆಯ ಒಳವಿಭಾಗವಾಗಿ, ರಫ್ತು ವಲಯದ ಉದ್ಯಮಗಳ ಪಕ್ಕದಲ್ಲಿಯೇ ತೋರಿಸುತ್ತ ಬಂದಿದ್ದಾರೆ. ಕಾಕಂಬಿಯಿಂದ ತಯಾರಾದ ರಮ್ ಮತ್ತು ಮದ್ಯಸಾರಗಳೂ ಕೈಗಾರಿಕೆಯೇ. ಕಬ್ಬಿನ ಸಿಪ್ಪೆಯನ್ನು ಉರಿಸಿ ಪಡೆದ ವಿದ್ಯುತ್ತನ್ನು ಸಾರ್ವಜನಿಕ ಜಾಲಕ್ಕೆ ಮಾರಿದರೆ ಅದು ‘ವಿದ್ಯುತ್ತು’ ಎಂಬ ಮತ್ತೊಂದು ಸಾಲಿಗೆ ಹೋಗುತ್ತದೆ. ಕಬ್ಬನ್ನು ಹೊತ್ತು ತಂದ ಲಾರಿ ಬೇರೆಯವರದಾದರೆ ಅದರ ಬಾಡಿಗೆ ‘ಸಾರಿಗೆ’ಗೆ, ಬಂದರಿನಲ್ಲಿ ಸಕ್ಕರೆಯನ್ನು ಹಡಗಿಗೆ ತುಂಬುವ ವೆಚ್ಚವೂ ಅಲ್ಲಿಗೇ. ಒಂದೇ ಬೆಳೆಯ ದೇಹ ಹೀಗೆ ಹಲವು ಸಾಲುಗಳಲ್ಲಿ ಹಂಚಿಹೋಗಿರುವಾಗ, ಮೊದಲನೆಯ ಸಾಲೊಂದನ್ನೇ ಓದಿ ‘ಕೃಷಿಯ ಕೊಡುಗೆ ಇಷ್ಟೇ’ ಎನ್ನುವುದು ಲೆಕ್ಕಿಗನ ಅನುಕೂಲವನ್ನು ಚರಿತ್ರಕಾರನು ತನ್ನ ಸತ್ಯವನ್ನಾಗಿ ಮಾಡಿಕೊಂಡಂತಾಯಿತು.

ವಿದ್ಯುತ್ತಿನ ವಿಷಯವನ್ನು ತುಸು ವಿಸ್ತರಿಸಬೇಕು. ನಮ್ಮ ಪ್ರತಿವಾದಿಗಳು ಇದನ್ನು ಕೈಗಾರಿಕಾ ಪ್ರಗತಿಯ ನಿದರ್ಶನವೆಂದೇ ಎಣಿಸುತ್ತಾರಷ್ಟೆ. 1957ರಲ್ಲಿ ಸೇಂಟ್ ಆಂತ್ವಾನ್ ಕಾರ್ಖಾನೆ ತನ್ನ ಬಳಕೆಗೆ ಮಿಕ್ಕ ವಿದ್ಯುತ್ತನ್ನು ಜಾಲಕ್ಕೆ ಮಾರತೊಡಗಿತು. ಅನಂತರ ಕಬ್ಬು ನುರಿಸುವ ಹಂಗಾಮಿನಲ್ಲಿ ಸಿಪ್ಪೆಯನ್ನೂ ಉಳಿದ ತಿಂಗಳುಗಳಲ್ಲಿ ಆಮದಾದ ಕಲ್ಲಿದ್ದಲನ್ನೂ ಉರಿಸುವ ದೊಡ್ಡ ಸ್ಥಾವರಗಳು ಎದ್ದುವು. 2000ದಲ್ಲಿ ಬೆಲ್ ವ್ಯೂ ಸ್ಥಾವರ ಕೆಲಸ ಆರಂಭಿಸಿತು. ಈ ಸ್ಥಾವರಗಳ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಹಿರಿದೆಂಬುದನ್ನು ಮರೆಮಾಚಲಾಗದು. ಅದನ್ನು ಕಬ್ಬಿನ ಲೆಕ್ಕಕ್ಕೆ ಸೇರಿಸಿಕೊಳ್ಳುವ ಉದ್ಯಮಿಗಳ ಪ್ರಚಾರವನ್ನು ನಾನು ಒಪ್ಪುವವನಲ್ಲ. ಆದರೆ ಸಿಪ್ಪೆಯೊಂದರಿಂದಲೇ ಈ ಶತಮಾನದ ಆರಂಭದ ವರ್ಷಗಳಲ್ಲಿ ದ್ವೀಪದ ವಿದ್ಯುತ್ತಿನ ಆರರಲ್ಲಿ ಒಂದು ಪಾಲಿನ ಸುಮಾರಿನಷ್ಟು ದೊರೆಯುತ್ತಿತ್ತೆಂಬ ಅಂಶ, ಎಣ್ಣೆಯಾಗಲಿ ಕಲ್ಲಿದ್ದಲಾಗಲಿ ಇಲ್ಲದ ನಾಡಿನಲ್ಲಿ, ಅಲ್ಪವಾದುದಲ್ಲ. ಆ ಪಾಲಿನ ಮೂಲ ಹೊಲವೇ.

ತೂಕದ ಕಟ್ಟೆಯ ಈ ಗೆರೆಯು ಲೆಕ್ಕಶಾಸ್ತ್ರದ ಒಂದು ನಿರ್ದೋಷ ವಿಭಾಗವೆಂದು ಯಾರೂ ಭಾವಿಸದಿರಲಿ. ಮಾರಿಷಸ್ಸಿನ ಚರಿತ್ರೆಯಲ್ಲಿ ಈ ಗೆರೆಯ ಮೇಲೆ ರಕ್ತ ಬಿದ್ದಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಎಸ್ಟೇಟುಗಳ ಅಂಚಿನ ಭೂಮಿಗಳು ತುಂಡುತುಂಡಾಗಿ ಮಾರಾಟವಾಗತೊಡಗಿದಾಗ, ಕೂಲಿಗಳ ಮೇಲ್ವಿಚಾರಣೆ ನಡೆಸುತ್ತಿದ್ದ ಸರದಾರರೂ ಕರಾರು ಮುಗಿಸಿದ ಕೂಲಿಗಳೂ ಅವುಗಳನ್ನು ಕೊಂಡು ಸಣ್ಣ ಬೆಳೆಗಾರರಾದರು. ಅವರ ಬಡ ನೆಲಕ್ಕೆ ಒಗ್ಗಿದ್ದು ಊಬಾ ಎಂಬ ಗಟ್ಟಿ ಕಬ್ಬು. 1937ರಲ್ಲಿ ಕಾರ್ಖಾನೆಗಳು ಊಬಾ ಕಬ್ಬಿಗೆ ಕೊಡುವ ಬೆಲೆಯನ್ನು ನೂರಕ್ಕೆ ಹದಿನೈದರಷ್ಟು ಕಡಮೆಮಾಡುವುದಾಗಿ ಹೇಳಿದಾಗ ಬೆಳೆಗಾರರೂ ಕೂಲಿಗಳೂ ದಂಗೆಯೆದ್ದರು. ಆಗಸ್ಟ್ ತಿಂಗಳಲ್ಲಿ ಯೂನಿಯನ್ ಫ್ಲಾಕ್ ಎಸ್ಟೇಟಿನಲ್ಲಿ ಗುಂಡು ಹಾರಿ ಜನರು ಸತ್ತರು. ಹೂಪರ್ ವಿಚಾರಣಾ ಆಯೋಗ ನೇಮಕವಾದದ್ದು ಇದರ ಬೆನ್ನಿಗೇ. ವಿಲಿಯಂ ಸ್ಟೋರಿ ಅವರ 1997ರ ಗ್ರಂಥ ಈ ಪ್ರಕರಣದಲ್ಲಿ ಕಬ್ಬಿನ ತಳಿಗಳ ವಿಜ್ಞಾನಕ್ಕೂ ಅಧಿಕಾರಕ್ಕೂ ಇದ್ದ ಸಂಬಂಧವನ್ನು ತೋರಿಸಿಕೊಟ್ಟಿದೆ. ಅದನ್ನು ಓದಿದ ಮೇಲೂ ‘ಕೃಷಿ’ ಮತ್ತು ‘ಕೈಗಾರಿಕೆ’ಗಳು ಇಲ್ಲಿ ಎರಡು ಸ್ವತಂತ್ರ ಲೋಕಗಳೆಂದು ಬರೆಯುವವರ ಧೈರ್ಯ ಮೆಚ್ಚತಕ್ಕುದೇ. ಸಕ್ಕರೆಯ ಹುಟ್ಟುವಳಿಯಲ್ಲಿ ಬೆಳೆಗಾರನಿಗೆಷ್ಟು, ಕಾರ್ಖಾನೆಗೆಷ್ಟು ಎಂಬ ಹಂಚಿಕೆ ಕಾನೂನಿನಿಂದ ಕ್ರಮೇಣ ಬದಲಾಗಿ ಬೆಳೆಗಾರನ ಪಾಲು ನೂರಕ್ಕೆ 78ಕ್ಕೆ ಬಂದು ನಿಂತಿತು. ಈ ಪಾಲು ಏರಿದರೆ ಲೆಕ್ಕದಲ್ಲಿ ಕೃಷಿ ಹಿಗ್ಗುವುದು, ಇಳಿದರೆ ಕುಗ್ಗುವುದು. ಹೊಲದಲ್ಲಿ ಒಂದು ಜಲ್ಲೆಯೂ ಹೆಚ್ಚುಕಡಮೆಯಾಗಿರಬೇಕಾಗಿಲ್ಲ. ಇಂಥ ಅಂಕಿಯ ಮೇಲೆ ಒಂದು ನಾಡಿನ ಉದಯಾಸ್ತಮಾನಗಳನ್ನು ನಿರ್ಣಯಿಸಬಹುದೇ?

ಎರಡನೆಯ ಆಕ್ಷೇಪ ಇದಕ್ಕಿಂತ ಗುರುತರವಾದುದು. ಸಾಲು ತೋರಿಸುವುದು ಕಬ್ಬು ಎಷ್ಟು ಗಳಿಸಿತೆಂಬುದನ್ನು. ಆ ಗಳಿಕೆ ಎಲ್ಲಿಗೆ ಹರಿಯಿತೆಂಬುದು ಅದಕ್ಕೆ ತಿಳಿಯದು. 1975ರ ಲೋಮೆ ಒಪ್ಪಂದದ ಅಂಗವಾದ ಸಕ್ಕರೆಯ ವಿಧಿಯ ಮೇರೆಗೆ ಯುರೋಪು ಹದಿಮೂರು ಲಕ್ಷ ಟನ್ನಿನಷ್ಟು ಸಕ್ಕರೆಯನ್ನು ಖಚಿತವಾದ ಬೆಲೆಗೆ ಕೊಳ್ಳಲು ಒಪ್ಪಿದಾಗ, ಅದರಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕ, ಸುಮಾರು ಐದು ಲಕ್ಷ ಟನ್ನಿನ ಹಕ್ಕು ಮಾರಿಷಸ್ಸಿಗೆ ಸಂದಿತು. ಮಾತುಕತೆಯ ಕಾಲದಲ್ಲಿ, ಎಂದರೆ 1974ರ ಕೊನೆಯಲ್ಲಿ, ಲೋಕದ ಮಾರುಕಟ್ಟೆಯಲ್ಲಿ ಸಕ್ಕರೆಯ ಬೆಲೆ ಹಿಂದೆಂದೂ ಕಾಣದ ಎತ್ತರದಲ್ಲಿತ್ತು. ತತ್ಕಾಲದ ಲಾಭವನ್ನು ನೋಡಿದವರಿಗೆ ದೊಡ್ಡ ಕೋಟಾ ಒಂದು ಹೊರೆಯಾಗಿಯೇ ತೋರಿರಬೇಕು. ಆದರೂ ಆಗಿನ ಪ್ರಧಾನಿ ರಾಮಗುಲಾಮರ ಸರ್ಕಾರ ದೊಡ್ಡ ಕೋಟಾವನ್ನೇ ಆರಿಸಿಕೊಂಡಿತು. ಸ್ವಲ್ಪ ಕಾಲದಲ್ಲಿಯೇ ಮಾರುಕಟ್ಟೆಯ ಬೆಲೆ ಕುಸಿದು, ಮುಂದೆ ಹಲವು ವರ್ಷಗಳಲ್ಲಿ ಯುರೋಪಿನ ಬೆಲೆ ಅದರ ಎರಡು ಮೂರು ಪಟ್ಟಾಯಿತು. ಈ ಹೆಚ್ಚುವರಿಯನ್ನು ಲೆಕ್ಕಹಾಕಿದವರಲ್ಲಿ ಅರವಿಂದ ಸುಬ್ರಮಣಿಯನ್ ಮತ್ತು ದೇವೇಶ ರಾಯ್ ಪ್ರಮುಖರು. ದೇಶೀಯ ಉತ್ಪನ್ನದಲ್ಲಿ ಅದು ಸರಾಸರಿ ನೂರಕ್ಕೆ ಐದನ್ನು ಮೀರಿತ್ತೆಂದು ಅವರ 2001ರ ಪ್ರಬಂಧ ತೋರಿಸುತ್ತದೆ. ಮಾರಿಷಸ್ಸಿನ ಏಳಿಗೆಯನ್ನು ‘ಪವಾಡ’ವೆನ್ನುವ ಲೇಖಕರ ಗುಂಪಿನಲ್ಲಿ ಕಬ್ಬನ್ನು ಮರೆಯದವರು ಇವರೆಂದು ಹೇಳಲು ಸಂಕೋಚವಿಲ್ಲ. ಆದರೆ ಈ ಹೆಚ್ಚುವರಿಯನ್ನು ಹೊರಗಿನಿಂದ ಬಂದ ಒಂದು ಉಪಕಾರವೆಂಬಂತೆ ಮಾತ್ರ ಕಾಣುವುದು ಸಾಲದು. ಐದು ಲಕ್ಷ ಟನ್ನಿನ ಭರವಸೆಯನ್ನು ಕೊಡುವಷ್ಟು, ಕೊಟ್ಟ ಭರವಸೆಯನ್ನು ವರ್ಷವರ್ಷವೂ ಸಲ್ಲಿಸುವಷ್ಟು ಬೆಳೆಯುವ ಶಕ್ತಿ ಇತ್ತೆಂಬುದರಿಂದಲೇ ಅದು ದೊರೆಯಿತು. 1973ರಲ್ಲಿ ಏಳು ಲಕ್ಷ ಟನ್ನನ್ನು ದಾಟಿದ ಉತ್ಪತ್ತಿಯ ಹಿಂದೆ ರೆದ್ವಿಯಲ್ಲಿ 1953ರಲ್ಲಿ ಸ್ಥಾಪಿತವಾದ ಕಬ್ಬಿನ ಸಂಶೋಧನಾಲಯದ ದುಡಿಮೆಯಿತ್ತು.

ಹಣ ಹರಿದ ಕಾಲುವೆಗಳು ಎರಡು. ಮೊದಲನೆಯದು ಬೊಕ್ಕಸ: ರಫ್ತಾಗುವ ಸಕ್ಕರೆಯ ಮೇಲಿನ ಸುಂಕ ದೊಡ್ಡ ಉತ್ಪಾದಕರಿಗೆ ಒಂದು ಕಾಲದಲ್ಲಿ ನೂರಕ್ಕೆ 23ನ್ನು ಮೀರಿತ್ತು; ಅದು ಪೂರ್ತಿಯಾಗಿ ರದ್ದಾದದ್ದು 1994ರಲ್ಲಿ. ಉಚಿತ ಶಿಕ್ಷಣ, ಉಚಿತ ಚಿಕಿತ್ಸೆ, ಅಗ್ಗದ ಅಕ್ಕಿ ಹಿಟ್ಟುಗಳ ವ್ಯವಸ್ಥೆಗೆ ಈ ಸುಂಕವೂ ಒಂದು ಆಸರೆಯಾಗಿತ್ತು. ಎರಡನೆಯದು ಖಾಸಗಿ ಬಂಡವಾಳ: ಎದುವಾರ್ ಲಿಮ್ ಫಾಟ್ ಮೊದಲಾದವರ ಪ್ರಯತ್ನದಿಂದ 1970ರಲ್ಲಿ ರಫ್ತು ವಲಯದ ಕಾನೂನು ಬಂದಾಗ, ಅಲ್ಲಿ ಹೂಡಿದ ಬಂಡವಾಳದ ಸರಿಸುಮಾರು ಅರ್ಧ ದ್ವೀಪದವರದೇ ಆಗಿತ್ತು, ಆ ಕಾಲದಲ್ಲಿ ದ್ವೀಪದೊಳಗೆ ಅಷ್ಟು ಹಣ ಕೂಡಿಬಂದಿದ್ದ ಸ್ಥಳ ಸಕ್ಕರೆಯಲ್ಲದೆ ಬೇರೊಂದಿರಲಿಲ್ಲ. ಜವಳಿಯ ಗಿರಣಿಯಲ್ಲಿಯೂ ಕಡಲತೀರದ ಹೋಟೆಲಿನಲ್ಲಿಯೂ ಎಸ್ಟೇಟುಗಳ ಹಣ ತೊಡಗಿತು. ಹತ್ತೊಂಬತ್ತನೆಯ ಶತಮಾನದಿಂದಲೇ ಮಾರಿಷಸ್ಸಿನ ಸಕ್ಕರೆಗೆ ಸ್ಥಳೀಯ ಬಂಡವಾಳವೇ ಆಧಾರವಾಗಿತ್ತೆಂದು ರಿಚರ್ಡ್ ಆಲನ್ ಅವರು 1999ರಲ್ಲಿ ಸಾಧಿಸಿದ ಪ್ರಮೇಯವನ್ನು ಇಲ್ಲಿ ಮುಂದುವರಿಸಬೇಕಾಗಿದೆ. ಹಾಗಾದರೆ ಜವಳಿಯ ಸಾಲು ಹಿಗ್ಗಿದ್ದರಿಂದ ಕೃಷಿಯ ಸಾಲು ಪ್ರಮಾಣದಲ್ಲಿ ಕುಗ್ಗಿತೆಂಬುದನ್ನೇ ಕೃಷಿಯ ಸೋಲೆಂದು ಹೇಳುವುದು, ಬೀಜಕ್ಕೂ ಬೆಳೆಗೂ ಇರುವ ಸಂಬಂಧವನ್ನು ಮರೆತ ಮಾತು.

ಕಬ್ಬು ಅನ್ನವನ್ನು ಹೊರದೂಡಿತು, ದ್ವೀಪ ತನ್ನ ಆಹಾರದ ಬಹುಭಾಗವನ್ನು ಆಮದು ಮಾಡಿಕೊಳ್ಳುತ್ತಿದೆ ಎಂಬ ಆರೋಪ ಸತ್ಯವಾದುದು. ಗಿರಮಿಟ್ ಕೂಲಿಯ ಬೆವರಿನಲ್ಲಿ ಈ ಸಂಪತ್ತು ನಿಂತಿತ್ತೆಂಬುದೂ ಸತ್ಯ. ಕೊಡುಗೆಯನ್ನು ಅಳೆಯುವುದು ಕೀರ್ತಿಸುವುದಲ್ಲವಾದುದರಿಂದ ಇವುಗಳಿಂದ ನಮ್ಮ ವಾದಕ್ಕೆ ಬಾಧೆಯಿಲ್ಲ.

ಪರೀಕ್ಷೆಗೆ ಒಂದು ಸಂದರ್ಭವನ್ನು ಚರಿತ್ರೆಯೇ ಒದಗಿಸಿದೆ. 2006ರಿಂದ ಯುರೋಪು ತನ್ನ ಬೆಲೆಯನ್ನು ಹಂತಹಂತವಾಗಿ ನೂರಕ್ಕೆ 36ರಷ್ಟು ಇಳಿಸಿತು. 2009ರಲ್ಲಿ ಸಕ್ಕರೆಯ ವಿಧಿಯೇ ಕೊನೆಗೊಂಡಿತು. ಕೃಷಿಯ ಸಾಲು ಆಗಲೇ ಅತಿ ಸಣ್ಣದಾಗಿತ್ತಷ್ಟೆ. ಅದು ಅಷ್ಟು ನಗಣ್ಯವಾಗಿದ್ದ ಪಕ್ಷದಲ್ಲಿ ಈ ಇಳಿತ ನಾಡನ್ನು ಕದಲಿಸಬಾರದಾಗಿತ್ತು. ಆದರೆ ಸರ್ಕಾರ 2006ರಿಂದ 2015ರವರೆಗಿನ ಹತ್ತು ವರ್ಷಗಳ ಒಂದು ಪುನರ್ರಚನಾ ಯೋಜನೆಯನ್ನೇ ಹೂಡಬೇಕಾಯಿತು. ಸಾವಿರಾರು ಕೂಲಿಗಳಿಗೆ ಪರಿಹಾರವನ್ನೂ ನಿವೇಶನವನ್ನೂ ಕೊಟ್ಟು ಸ್ವಯಂನಿವೃತ್ತಿಯಿಂದ ಬೀಳ್ಕೊಡಬೇಕಾಯಿತು. ಆಗ ಹನ್ನೊಂದಿದ್ದ ಕಾರ್ಖಾನೆಗಳು ಇಂದು ಮೂರಾಗಿವೆ. ಸಣ್ಣ ಬೆಳೆಗಾರರ ಎಷ್ಟೋ ಹೊಲಗಳು ಪಾಳುಬಿದ್ದಿವೆ. ಚಂಡಮಾರುತದ 1960ನ್ನು ಮಹಾವಿಪತ್ತಿನ ವರ್ಷವೆಂದು ಸಾರಿದ ಉತ್ಪತ್ತಿಯ ಪ್ರಮಾಣಕ್ಕೇ, ಹೆಚ್ಚುಕಡಮೆ, ಈಚಿನ ವರ್ಷಗಳ ಸಾಧಾರಣ ಉತ್ಪತ್ತಿ ಇಳಿದುಬಂದಿದೆ. ಕೃಷಿಯ ಸಾಲನ್ನೊಂದನ್ನೇ ನೋಡುತ್ತಿದ್ದವರಿಗೆ ಈ ಕಂಪನದ ಮುನ್ಸೂಚನೆ ದೊರೆಯುವಂತಿರಲಿಲ್ಲ.

ಆದುದರಿಂದ ನಿರ್ಣಯ ಇಷ್ಟು: ಮಾರಿಷಸ್ ಕಬ್ಬಿನಿಂದ ಪಾರಾದ ನಾಡಲ್ಲ, ಕಬ್ಬನ್ನು ವ್ಯಯಿಸಿ ಬೇರೆ ಸಂಪತ್ತನ್ನು ಕೊಂಡ ನಾಡು. ಸಣ್ಣ ದ್ವೀಪಗಳ ಕೃಷಿಯನ್ನು ಕುರಿತು ಬರೆಯುವವರು ಮೊದಲು ಬೆಳೆಯನ್ನು ತೂಕದ ಕಟ್ಟೆಯಿಂದಾಚೆಗೂ, ಸುಂಕದ ಕಟ್ಟೆಯಿಂದಾಚೆಗೂ ಹಿಂಬಾಲಿಸಿ, ಬಳಿಕ ಶೇಕಡಾವಾರಿನ ಮಾತನ್ನಾಡಲಿ. ಸಕ್ಕರೆ ಕಾರ್ಖಾನೆಯನ್ನು ಕೈಗಾರಿಕೆಯ ಸಾಲಿಗೆ ಹಾಕುವ ರೂಢಿ ಮಂಡ್ಯ, ಬೆಳಗಾವಿಗಳಿರುವ ನಮ್ಮ ನಾಡಿನ ಲೆಕ್ಕದಲ್ಲಿಯೂ ಉಂಟಾದುದರಿಂದ, ಈ ಎಚ್ಚರಿಕೆ ಕನ್ನಡದ ವಿದ್ವಾಂಸರಿಗೂ ಸಲ್ಲತಕ್ಕುದು. ಮೀಡ್ ಅವರನ್ನು ಖಂಡಿಸಬಯಸುವವರು ಅವರ ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಬೇಕೆಂದು ಮಾತ್ರ ನನ್ನ ಪ್ರಾರ್ಥನೆ.