ಒಂದು ಸಾವು, ಒಂದು ನಿಯಮ: ರೋಗಿಯ ಸುರಕ್ಷತೆಯ ಇತಿಹಾಸ

2022ರ ಜುಲೈ 20ನ್ನು ನಾವು ಮರೆತಿಲ್ಲ. ಹೊನ್ನಾವರದಿಂದ ರೋಗಿಯೊಬ್ಬರನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಆಂಬುಲೆನ್ಸ್, ಭಟ್ಕಳ ದಾಟಿದ ಮೇಲೆ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಪ್ರಾಣ ಕಳೆದುಕೊಂಡರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಮತ್ತೆ ಎದ್ದಿತು. ಬೇಡಿಕೆ ನ್ಯಾಯವಾದದ್ದೇ. ಆದರೆ ಕಟ್ಟಡ, ಯಂತ್ರ, ವೈದ್ಯರು ಬಂದ ಮಾತ್ರಕ್ಕೆ ರೋಗಿ ಸುರಕ್ಷಿತನೇ? ಇತಿಹಾಸವನ್ನು ಕೇಳೋಣ.

ಹಿಜರಿ 319, ಅಂದರೆ ಕ್ರಿ.ಶ. 931. ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿಯೊಬ್ಬ ಸತ್ತ ಸುದ್ದಿ ಖಲೀಫ ಅಲ್ ಮುಖ್ತದಿರ್‌ಗೆ ತಲುಪಿತು. ಪರೀಕ್ಷೆಯಲ್ಲಿ ತೇರ್ಗಡೆಯಾಗದವರು ಚಿಕಿತ್ಸೆ ನೀಡಬಾರದೆಂದು ಅವರು ಆಜ್ಞೆ ಹೊರಡಿಸಿದರು. ಪರೀಕ್ಷಕರು ಪ್ರಸಿದ್ಧ ವೈದ್ಯ ಸಿನಾನ್ ಇಬ್ನ್ ಸಾಬಿತ್. ಸುಮಾರು 860 ಮಂದಿ ಪರೀಕ್ಷೆಗೆ ಒಳಪಟ್ಟರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಒಬ್ಬನ ಸಾವು ಇಡೀ ನಗರಕ್ಕೆ ನಿಯಮವಾಯಿತು.

1847ರಲ್ಲಿ ವಿಯೆನ್ನಾದ ಹೆರಿಗೆ ವಿಭಾಗದಲ್ಲಿ ಡಾ. ಸೆಮ್ಮೆಲ್‌ವೈಸ್ ಆಸ್ಪತ್ರೆಯ ದಾಖಲೆಗಳನ್ನು ತಾಳೆ ನೋಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18 ತಾಯಂದಿರು ಸಾಯುತ್ತಿದ್ದರು. ವೈದ್ಯರು ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂಬ ನಿಯಮ ಬಂದ ಮೇಲೆ ಜೂನ್ ಹೊತ್ತಿಗೆ ಅದು ಸುಮಾರು 2ಕ್ಕೆ ಇಳಿಯಿತು. ಹೊಸ ಯಂತ್ರ ಬಂದಿರಲಿಲ್ಲ. ಬಂದದ್ದು ಶಿಸ್ತು ಮತ್ತು ಲೆಕ್ಕ.

ಇದು ಹಳೆಯ ಕಥೆಯಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಸಾವನ್ನಪ್ಪಿದರು. ಸಂಶಯ ಗ್ಲೂಕೋಸ್‌ನಂತೆ ರಕ್ತನಾಳಕ್ಕೆ ಹನಿಸುವ ಒಂದು ದ್ರಾವಣದ ಮೇಲೆ ಬಿದ್ದು, ಸರ್ಕಾರ ಅದರ ಬಳಕೆಯನ್ನು ತಡೆಯಿತು. ಯಾವ ಬಾಟಲಿ, ಯಾವ ಬ್ಯಾಚ್, ಯಾರಿಗೆ, ಯಾವಾಗ ಎಂದು ಬರೆದಿಟ್ಟ ಕಡೆಯಲ್ಲಿ ಮಾತ್ರ ಇಂತಹ ತಪ್ಪಿನ ಬೇರು ಸಿಗುತ್ತದೆ.

ಆಸ್ಪತ್ರೆಯ ಗುಣಮಟ್ಟ ನಿರ್ವಹಣೆ ಎಂದರೆ ಇದೇ. ಕೇಂದ್ರ ಸರ್ಕಾರ 2013ರಲ್ಲಿ ಸರ್ಕಾರಿ ಆಸ್ಪತ್ರೆಗಳಿಗಾಗಿ ರಾಷ್ಟ್ರೀಯ ಗುಣಮಟ್ಟ ಮಾನದಂಡಗಳನ್ನು ರೂಪಿಸಿತು. ಹೆರಿಗೆ ಕೋಣೆ, ಶಸ್ತ್ರಚಿಕಿತ್ಸಾ ಕೊಠಡಿ, ಪ್ರಯೋಗಾಲಯ, ಔಷಧಾಲಯ ಹೀಗೆ ಪ್ರತಿ ವಿಭಾಗಕ್ಕೂ ಪ್ರತ್ಯೇಕ ಪರಿಶೀಲನಾ ಪಟ್ಟಿ ಇದೆ. ಸ್ವಚ್ಛತೆಗಾಗಿ 2015ರಲ್ಲಿ ಕಾಯಕಲ್ಪ, ಹೆರಿಗೆ ಕೋಣೆಗಾಗಿ 2017ರಲ್ಲಿ ಲಕ್ಷ್ಯ ಯೋಜನೆ ಬಂದವು. ಇವು ನಮ್ಮ ತಾಲೂಕು ಆಸ್ಪತ್ರೆಗಳಿಗೂ ಅನ್ವಯಿಸುತ್ತವೆ.

ದೊಡ್ಡ ಆಸ್ಪತ್ರೆ ಬರುವವರೆಗೆ ನಮ್ಮ ರೋಗಿಗಳು ಮಣಿಪಾಲ, ಮಂಗಳೂರಿಗೆ ಹೋಗಲೇಬೇಕು. ಆಗ ಕೊಟ್ಟ ಔಷಧ ಮತ್ತು ಸಮಯ ಬರೆದ ಚೀಟಿ ಜೊತೆಯಲ್ಲಿದೆಯೇ ಎಂದು ನೋಡಿ. ಆರೋಗ್ಯ ರಕ್ಷಾ ಸಮಿತಿಯಲ್ಲಿರುವ ಹಿರಿಯರು ಪರಿಶೀಲನಾ ಪಟ್ಟಿಯ ಬಗ್ಗೆ ವಿಚಾರಿಸಲಿ. ನಾಳೆ ನರ್ಸ್, ಫಾರ್ಮಸಿಸ್ಟ್, ವೈದ್ಯರಾಗಲಿರುವ ವಿದ್ಯಾರ್ಥಿಗಳೇ, ತಪ್ಪಾದಾಗ ಮುಚ್ಚಿಡಬೇಡಿ, ಬರೆದಿಡಿ. ಬಗ್ದಾದಿನ ಆ ಅನಾಮಧೇಯ ರೋಗಿ ಮರಳಿ ಬರಲಿಲ್ಲ. ಆದರೆ ಅವನ ಸಾವನ್ನು ಮುಚ್ಚಿಡದ ಕಾರಣ ಎಷ್ಟೋ ಜನ ಬದುಕಿದರು.